ಏಳನೆಯ ಬುಟ್ಟಿ

ರಾತ್ರಿ ಒಂಬತ್ತು. ಫಿನ್ಲೆಂಡಿನ ಬಿಸಿಲು
ಇನ್ನೂ ಮನೆಗೆ ಹೋಗಿಲ್ಲ.
ಡಿಸ್ಕ್ ಗಾಲ್ಫ್ ಅಂಗಳಕ್ಕೆ ಅಂಕ ಹಾಕಲು ಬಂದವ ನಾನು.

ಮೊದಲ ಕಟ್ಟೆಯ ರಬ್ಬರು ಮೂಲೆಯೆದ್ದು
ಎಡವಿಸಿತು. ಐದಕ್ಕೆ ಎರಡು.
ಮೂರನೆಯ ಹಲಗೆ ತೊಂಬತ್ತು ಮೀಟರೆನ್ನುತ್ತದೆ,
ನನ್ನ ಹೆಜ್ಜೆ ನೂರಾಹತ್ತು.
ಬುಟ್ಟಿಯ ಸರಪಳಿಗೆ ತುಕ್ಕು; ಡಿಸ್ಕು ತಾಗಿದರೆ ಮಾತ್ರ
ಝಲ್ಲೆನ್ನುವುದು ಬಿಟ್ಟಿಲ್ಲ.

ಏಳರಲ್ಲಿ ದಾರಿಯ ನಟ್ಟನಡುವೆ ಬರ್ಚ್ ಮರ.
"ಇದ್ಯಾವ ಸೀಮೆ ವಿನ್ಯಾಸ?"
ಹುಲ್ಲು ಸವರುತ್ತಿದ್ದ ತೂಲಿಕ್ಕಿ ಕುಡುಗೋಲು ಊರಿ
ತೊಗಟೆಯ ಗಾಯಗಳ ಮೇಲೆ ಕೈಯಾಡಿಸಿದಳು:
"ಗರಗಸದವನು ಬಂದಿದ್ದ.
ಕಾಫಿ ಕುಡಿಸಿ ಕಳಿಸಿದೆ.
ನೀನು ಎಡಕ್ಕೆ ಬಾಗಿಸಿ ಎಸೆ."

ಬಾಗಿಸಿದೆ.

ಬ್ಲೂಬೆರಿ ಪೊದೆಯೊಳಗೆ ಡಿಸ್ಕು ತಡಕುತ್ತ
ಬೆರಳೆಲ್ಲ ನೇರಳೆ.
ಪುಸ್ತಕದ ಏಳನೆಯ ಸಾಲಿನಲ್ಲಿ
ಅಂಕವಿಲ್ಲ,
ಒಂದು ಹೆಬ್ಬೆಟ್ಟು.