ಹದಿನೇಳನೆಯ ಹೆಸರು

ಶಾಹಬಾದ್ ಫ್ಯಾಕ್ಟರಿ ಭೊಂಗಾ ಹೊಡದು ತಾಸಾಯ್ತು.
ನಾಳೆ ಮುಂಜಾನಿ ಆರಕ್ಕ ನೋಟಿಸ್ ಬೋರ್ಡಿಗೆ ಹಚ್ಚಬೇಕು
ಹದಿನಾರು ಹೆಸರು.
ನನ್ನ ಕೈಯಾಗ ಹದಿನೇಳು ಅವ.

ಈ ಖುರ್ಚಿ ಪ್ರಭುದಾಸ ಸಾಹೇಬರದು.
ಒಂದು ಕಾಲು ಗಿಡ್ಡ. ಕೆಳಗ ಫರಶಿ ಚೂರು ಇಟ್ಟು
ಇಪ್ಪತ್ತೆರಡು ವರ್ಷ ಇದರ ಮ್ಯಾಲ ಕೂತು
ಯಾರನ್ನೋ ತಂದರು, ಯಾರನ್ನೋ ಕಳಿಸಿದರು.
ಪ್ಯಾಕಿಂಗ್ ಖಾತೇದಾಗ ಎರಡು ಜಾಗ ಖಾಲಿ ಅಂದ್ರ
ನಮ್ಮ ಟೀಮಿಗೆ ಎರಡು ಹಾಫ್ ಬ್ಯಾಕ್ ಅಂತ ಅರ್ಥ.

ನಯೀಮುದ್ದೀನನ್ನ ಸೊಲ್ಲಾಪುರದ ರೇಲ್ವೆದವರಿಗೆ ಬಿಟ್ಟುಕೊಟ್ಟಾಗ
ಊರಿಗೆ ಊರೇ ಎದ್ದು ನಿಂತಿತ್ತು.
ಚೆಂಡು ಅವನ ಕೋಲಿನ ಹಿಂದ
ಸಾಕಿದ ನಾಯಿ ಹಂಗ ಓಡತಿತ್ತು.
ಅವನ ಬದಲಿ ಬಂದವ ಯಾರು?
ಕಾಶಪ್ಪ. ವಾಡಿ ಕಡಿ ಗೋಲಿ.
ಮಾತಾಡಿದ್ರ ತೊದಲು, ನಡದ್ರ ಎಮ್ಮಿ.
ಸುಸಲಾ ಬಂಡಿ ಮುಂದ ಮಿರ್ಚಿ ಕಡಕೋತ
ಮಂದಿ ಅಂದರು: ಮುದುಕಗ ತಲಿ ಕೆಟ್ಟದ.
ಸ್ಕೂಟರಿನ ಸೀಟು ಬ್ಲೇಡಿಲೆ ಸೀಳಿದರು.
ಸೀಟಿನ ಮ್ಯಾಲ ಸಿಮೆಂಟ್ ಚೀಲ ಹಾಸಿ
ಸಾಹೇಬರು ಅದೇ ಸ್ಕೂಟರಿನ ಮ್ಯಾಲ ಬಂದರು, ಮರುದಿನ.

ಊರಿಗೆ ಗೊತ್ತಿರಲಿಲ್ಲ,
ಹಿಂದಿನ ರಾತ್ರಿ ನಯೀಮನ ಮನಿಗೆ ತಾವೇ ಹೋಗಿದ್ದರು.
ಅವನ ಅಮ್ಮಿ ಚಹಾ ಕೊಟ್ಟಳಂತ,
ಸಕ್ಕರಿ ಹಾಕದ.
ಪೂರಾ ಕುಡದು ಬಂದರಂತ.

ಎರಡು ವರ್ಷದ ಮ್ಯಾಲ
ಬೀದರ ಮೈದಾನ, ಕಡೀ ನಿಮಿಷ, ಪೆನಾಲ್ಟಿ ಸ್ಟ್ರೋಕ್.
ಎಮ್ಮಿ ಹಾರಿತು.
ಫೋಟೋದಾಗ ಕಪ್ ಹಿಡದವರು ಫ್ಯಾಕ್ಟರಿ ದೊಡ್ಡವರು.
ಸಾಹೇಬರು ಹೊರಗ ಬಸ್ಸಿನ ಡ್ರೈವರಗ ಕೇಳತಿದ್ದರು:
ಊಟ ಆಯ್ತೇನಪ್ಪ?

ಕಾಶಪ್ಪನ್ನ ಹ್ಯಾಂಗ ಆರಿಸಿದರೋ, ಪುಸ್ತಕ ತೆಗದು ನೋಡೀನಿ.
ಹಸರು ಶಾಯಿ, ಒಂದೇ ಸಾಲು:
“ಗೋಲ್ ಬಿಟ್ಟ ಮ್ಯಾಲ ಚೆಂಡು ತಾನೇ ಎತ್ತಿ ತರತಾನ.”

ಕಥಿ ಇಲ್ಲಿಗೇ ಮುಗದಿದ್ರ ಛಲೋ ಇತ್ತು.

ಖರೇ ಹೇಳಬೇಕಂದ್ರ ನನ್ನ ಹೆಸರು ಹೇಳಬೇಕು.
ಮಹಿಪಾಲ, ಫುಲ್ ಬ್ಯಾಕ್, ನಂಬರ್ ಮೂರು.
ಮೊಣಕಾಲು ಕೈಕೊಟ್ಟ ಮ್ಯಾಲೂ ಎರಡು ಹಂಗಾಮು
ನನ್ನ ಹೆಸರು ತೆಗೀಲಿಲ್ಲ ಅವರು.
ಯಾಕಂದ್ರ ನಮ್ಮವ್ವ ಹೋದಾಗ ಹೆಗಲು ಕೊಟ್ಟಿದ್ದರು.
ಯಾಕಂದ್ರ ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನಿ ಕರ್ಚಿಕಾಯಿ
ನನ್ನ ಕಿಸೆದಾಗ ಪುಡಿ ಆಗತಿದ್ದವು.
ಯಾಕಂದ್ರ—
ಅದು ಅವರಿಗಾದ್ರೂ ಗೊತ್ತಿತ್ತೋ ಇಲ್ಲೋ.

ಕಲಬುರಗಿ ಫೈನಲ್. ನಾಲ್ಕು ಗೋಲು.
ನಾಲ್ಕೂ ನನ್ನ ಎಡಗಡಿಂದ ಹಾದು ಹೋದವು,
ಅಂಗಳ ದಾಟೋ ಕೋಳಿ ಹಂಗ, ಅವಸರಿಲ್ಲದ.
ಅವತ್ತಿನ ಪುಟದಾಗ ಅದೇ ಹಸರು ಶಾಯಿ:
“ತಪ್ಪು ನಂದು. ಹುಡುಗಂದಲ್ಲ.”
ಹುಡುಗಗ ಆಗ ಮೂವತ್ತಾರು.
ಮರುತಿಂಗಳು ಅವರು ಖುರ್ಚಿ ಬಿಟ್ಟರು.

ಹತ್ತೊಂಬತ್ತರ ಅನ್ವರ ಹೊರಗ ಕಾಯಲಿಕತ್ಯಾನ;
ಪಾಸ್ ಕೊಡೂದಿಲ್ಲ, ಬೈದ್ರ ನಗತಾನ,
ಆದ್ರ ಚೆಂಡು ಕಳಕೊಂಡ ಕೂಡಲೇ ಹಿಂದಕ್ಕ ಓಡತಾನ.
ಮತ್ತ ಸಿದ್ರಾಮ, ನಮ್ಮ ಕ್ಯಾಪ್ಟನ್,
ನನ್ನ ಮಗಳ ಮದವ್ಯಾಗ ನೀರು ಹೊತ್ತಂವ.
ಇವತ್ತು ಮುಂಜಾನಿ ಪೆವಿಲಿಯನ್ ಮೆಟ್ಟಲು
ಅಡ್ಡಡ್ಡ ಇಳದ, ಏಡಿ ಹಂಗ.
ನನ್ನ ನೋಡಿದ ಕೂಡಲೇ ನೆಟ್ಟಗಾದ.
ಮೊಣಕಾಲಿನ ಮಾತು ನನಗ ಯಾರೂ ಕಲಿಸಬೇಕಾಗಿಲ್ಲ.

ಅವತ್ತು ಸಾಹೇಬರು ನನ್ನ ಬಾಗಲಿಗೆ ಬಂದಿದ್ರ?
ಸಕ್ಕರಿ ಇಲ್ಲದ ಚಹಾನೂ ಕೊಡತಿದ್ದಿಲ್ಲ.
ಸಾಯೂತನಕ ಬೈತಿದ್ದೆ.
ಫೈನಲ್ ಗೆಲ್ಲತಿದ್ದೆವೋ ಏನೋ.
ನಾ ಈ ಖುರ್ಚಿ ಮ್ಯಾಲ ಕೂಡತಿದ್ದಿಲ್ಲ.

ಪಟ್ಟಿ ಮಡಚಿ ಕಿಸೆದಾಗ ಇಟಗೊಂಡೆ, ಹದಿನೇಳೂ ಹಂಗೇ.
ಕ್ವಾರ್ಟರ್ಸಿನ ಎರಡನೇ ಸಾಲು, ಬೇವಿನ ಗಿಡದ ಎದುರು.
ಹನ್ನೊಂದೂವರಿ ಆಗ್ಯದ.
ಸಿದ್ರಾಮನ ಮನ್ಯಾಗ ಲೈಟ್ ಇನ್ನೂ ಹತ್ಯದ.