ಕಣಗಿಲ

ಬೈನಾದ ದಂಡೆಯಲ್ಲಿ ಶಾವಂತ್ರೆವ್ವನ ಚಾದಂಗಡಿ
ಎಲ್ಲಿತ್ತು ಎಂದು ಕೇಳಿದರೆ
ಈ ಗಿಡದ ಹತ್ತಿರ ಹೋಗಿ ನಿಲ್ಲುತ್ತೇನೆ.

ಮುದ್ದೇಬಿಹಾಳದಿಂದ ಹಸಿ ಅರಿವೆಯಲ್ಲಿ ಸುತ್ತಿ
ತಂದಿದ್ದಳು ಒಂದು ಗೇಣು ಟೊಂಗೆ.
ಉಪ್ಪುಮರಳಲ್ಲಿ ಊರುವಾಗ
ಪಕ್ಕದ ಫಿಲೊಮೆನಾ ನಕ್ಕಳು:
ಇಲ್ಲಿ ಮೀನಿನ ಮುಳ್ಳೂ ಒಣಗುತ್ತದೆ, ಬಾಯೀ.

ನೀರು ಯಾರೂ ಹಾಕಲಿಲ್ಲ.
ಕೊಡಕ್ಕೆ ಎರಡು ರೂಪಾಯಿ ಆಗ;
ಅಕ್ಕಿ ತೊಳೆದದ್ದು ಸಾರಿಗೆ,
ಸಾರಿನ ಗಡಿಗೆ ತೊಳೆದದ್ದು ನಾಯಿಗೆ.
ಆದರೂ ಮೇ ತಿಂಗಳ ನೆತ್ತಿಬಿಸಿಲಲ್ಲಿ
ಅದಿರಿನ ಕೆಂಧೂಳು ಕೂತ ಎಲೆಗಳ ಮೇಲೆ
ಗೊಂಚಲು ಗೊಂಚಲು ಗುಲಾಬಿ.
ಮೀನಿನ ವಾಸನೆಯ ಸಂದಿಯಲ್ಲಿ ದಾರಿ ಮಾಡಿಕೊಂಡು
ಸಣ್ಣಗೆ ಬಾದಾಮಿಯಂಥ ಒಂದು ಪರಿಮಳ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ.
ಫಿಲೊಮೆನಾಳ ಆಡು
ಮೂಸಿ, ಕಿವಿ ಕೊಡವಿ, ಹಿಂದಕ್ಕೆ ಸರಿದದ್ದು
ನಾನೇ ನೋಡಿದ್ದೇನೆ.
ನಮಗೂ ಹೇಳುತ್ತಿದ್ದಳು:
ಶಿವಗ ಏರಸ್ರಿ, ಮುಡಕೋರಿ,
ಬಾಯಾಗ ಮಾತ್ರ ಇಡಬ್ಯಾಡ್ರಿ.

ಯಂತ್ರ ಬಂದ ದಿನ
ತಗಡು, ಸ್ಟೋವು, ಶಿವನ ಪಟ
ಒಂದೇ ಟೆಂಪೋ ಏರಿದವು.
ಚಾಲಕ ಹಾರನ್ ಒತ್ತುತ್ತಲೇ ಇದ್ದ.
ಅವಳು ಒಂದು ಗೇಣು ಮುರಿದು
ಸೆರಗಲ್ಲಿ ಸುತ್ತಿದಳು.
ಅಂಟಿದ ಕೈ ತೊಳೆಯಲು ಕೊಡದಲ್ಲಿ ನೀರಿಲ್ಲ.
ಮೊಣಕಾಲುದ್ದ ಕಡಲಿಗಿಳಿದು
ಬೆರಳು ಬೆರಳೂ ಉಜ್ಜಿ ತೊಳೆದಳು,
ಅನ್ನ ಕಲಸುವ ಮುಂಚೆ ತೊಳೆಯುವ ಹಾಗೆ.