ಒಂದು ಬೆರಳು ಕಡಿಮೆ

ಹೆಲ್ವೋರ್ನ್ ಅರಮನೆಯ ಬಡಗಿ ನಾನು, ಓಸ್ಕೆನ್.
ಹೊಸ ಕುರ್ಚಿ ಮಾಡಿದ್ದು ಕಡಿಮೆ,
ಇದ್ದ ಕುರ್ಚಿಗಳ ಕಾಲು ಕೊಯ್ದದ್ದೇ ಹೆಚ್ಚು.

ನಮ್ಮಲ್ಲಿ ಪದವಿಯೆಂದರೆ ಬಿರುದಲ್ಲ, ಬಾವುಟವಲ್ಲ,
ನೆಲಕ್ಕೂ ಕುಂಡೆಗೂ ನಡುವಿನ ದೂರ.
ಒರಟಾಗಿ ಹೇಳಿದೆ, ಬಡಗಿಯ ಬಾಯಿ.
ದೊರೆಗೆ ನಾಲ್ಕು ಗೇಣು.
ಉಪ್ಪಿನ ಗಣಿಯ ಹೆಮ್ಮನ್ನೆಯರಿಗೆ ಮೂರು.
ಸೇತುವೆಯ ಸುಂಕದವರಿಗೆ ಎರಡೂವರೆ.
ಉತ್ತರದ ಹಿಮದಲ್ಲಿ ತೋಳಗಳ ಊಳು ಕೇಳುತ್ತ
ಗಡಿ ಕಾಯುವ ಕಿರಿಮನ್ನೆಯರಿಗೆ ಒಂದೇ ಗೇಣಿನ ಮುಕ್ಕಾಲಿ,
ಒರಗಲು ಬೆನ್ನಿಲ್ಲ.
ನಡುವೆ ಬೆರಳು ಬೆರಳಿಗೂ ಒಂದೊಂದು ಹಗೆ.

ಸಂಜೆ ಚೀಟಿ ಬರುತ್ತದೆ:
ಹೆಸರು, ಬೆರಳಿನ ಲೆಕ್ಕ.
ಕಾರಣ ಬರೆಯುವ ರೂಢಿಯಿಲ್ಲ.
ರಾತ್ರಿ ಸಭಾಂಗಣದಲ್ಲಿ ನಾನು, ಗರಗಸ, ಒಂದು ಮೇಣದಬತ್ತಿ,
ಮತ್ತೆ ನಲವತ್ತೊಂದು ಆಸನಗಳು
ಕಟುಕನ ಅಂಗಳದ ಮಂದೆಯಂತೆ
ಯಾರ ಸರದಿಯೋ ಎಂದು ಉಸಿರು ಹಿಡಿದು.
ಕೊಯ್ದ ಓಕ್ ಮರದಿಂದ ಹುಳಿ ವಾಸನೆ ಬರುತ್ತದೆ,
ಹಳೆಯ ವೈನಿನದು.
ಬೆಳಿಗ್ಗೆ ಕೂತ ಗಳಿಗೆಯೇ
ಮೊಣಕಾಲಿಗೆ ಮೊದಲು ತಿಳಿಯುತ್ತದೆ, ಮುಖಕ್ಕೆ ಆಮೇಲೆ.

ಸಿವ್ರೆಟಾ ದೊರೆಸಾನಿ ಒಮ್ಮೆ ದಿಂಬು ತಂದಳು.
ಎರಡು ದಿನ ತನ್ನ ಹಳೆಯ ಎತ್ತರದಲ್ಲೇ ನಕ್ಕಳು.
ಮೂರನೆಯ ಸಂಜೆಯ ಚೀಟಿ: ದಿಂಬಿನ ದಪ್ಪವೂ ಸೇರಿ.

ಮುದುಕ ಬೆರ್ಥೋಲ್ಮ್ ಬಂದದ್ದು ಬೆಳಕು ಹರಿಯುವ ಮುಂಚೆ,
ಮಂಜು ಮೆತ್ತಿದ ಬೂಟಿನಲ್ಲಿ, ಒಬ್ಬನೇ.
ಚಿನ್ನದ ನಾಣ್ಯ ಅಂಗೈಗಿಟ್ಟ. ಉಳಿಸು ಎನ್ನಲಿಲ್ಲ.
‘ನಾಲ್ಕೂ ಕಾಲು ಸಮನಾಗಿ ಕೊಯ್ಯಪ್ಪ,
ಸಭೆಯಲ್ಲಿ ಕುಂಟುವುದು ಬೇಡ’ ಎಂದ.
ನಾಣ್ಯ ಹಿಂದಿರುಗಿಸಿದೆ ಎಂದರೆ ಸುಳ್ಳಾದೀತು.

ಕೊಯ್ದ ತುಂಡುಗಳು ನನ್ನ ಪಾಲು.
ಮಗಳು ನಿಮ್ರಿ ಒಲೆಯ ಮುಂದೆ ಊರು ಕಟ್ಟುತ್ತಾಳೆ:
ಇದು ಬಾವಿ, ಇದು ಆಡು, ಇದು ಆಡಿನ ಅಜ್ಜಿ.
ಚಳಿ ಬಲಿತರೆ ಊರನ್ನೇ ಒಲೆಗೆ ತಳ್ಳುತ್ತೇವೆ.
ಯಾವ ಮನ್ನೆಯನ ತುಂಡಾದರೂ ಉರಿಯುವುದು ಅಷ್ಟೇ ಹೊತ್ತು.
ಒಂದು ಗಡಿಗೆ ಗಂಜಿ ಬೇಯಲು ಮೂರು ಪದವಿ ಬೇಕು.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಚೀಟಿ ಬರಲಿಲ್ಲ.
ರಾತ್ರಿ ದೊರೆಯೇ ಬಂದ, ಬರಿಗಾಲಲ್ಲಿ.
‘ಕಾಲು ಜೋಮು ಹಿಡಿಯುತ್ತದೆ ಓಸ್ಕೆನ್,
ಹದಿನೇಳು ವರ್ಷ ಆಯಿತು, ಗಾಳಿಯಲ್ಲೇ ತೂಗುತ್ತಿವೆ.
ನೆಲ ಮುಟ್ಟಿಸು.’

ಎರಡು ಗೇಣು ತೆಗೆಯಬೇಕು, ಪ್ರಭೂ.
ನಿಮ್ಮದು ತೆಗೆದರೆ ಎಲ್ಲರದೂ ತೆಗೆಯಬೇಕು.
ಒಂದು ಗೇಣಿನವರದ್ದು ಹೇಗೆ ತೆಗೆಯಲಿ?
ನೆಲ ಅಗೆದು ಕೂರಿಸಲೇ?

ಅವನು ಬೆರಳು ಮಡಚಿ ಲೆಕ್ಕ ಹಾಕಿದ,
ಮತ್ತೆ ಬಿಚ್ಚಿ ಹಾಕಿದ.
ಉತ್ತರ ಅದೇ ಬಂತು.
ಆಮೇಲೆ ಬಾಗಿಲ ಹತ್ತಿರದ ಮುಕ್ಕಾಲಿಗೆ ನಡೆದ,
ಗಡಿಯ ವಾರ್ದಿಕ್ ಎಂಬ ಹುಡುಗನದು,
ಕೂತ.
ಪಾದ ಎರಡೂ ಪೂರ್ತಿ ಕಲ್ಲಿಗೆ ತಾಗಿದವು.
ಕಾಲ್ಬೆರಳು ಅಗಲಿಸಿ, ಕೂಡಿಸಿ, ಮತ್ತೆ ಅಗಲಿಸಿ ನೋಡಿಕೊಂಡ,
ಹೊಸದಾಗಿ ಮೊಳೆತಂತೆ.
‘ತಣ್ಣಗಿದೆ’ ಎಂದ. ‘ಇಲ್ಲಿಂದ ಎಲ್ಲರೂ ದೊಡ್ಡವರು.’
ಬತ್ತಿ ಮುಗಿಯುವ ತನಕ ಕೂತಿದ್ದ.
ಗೊರಕೆ ಕೇಳಿಸಿತೆಂದು ಯಾರಿಗೂ ಹೇಳಿಲ್ಲ ನಾನು.

ಮಾರನೆಯ ಸಂಜೆ ಚೀಟಿ ಬಂತು.
ವಾರ್ದಿಕ್.
ಒಂದು ಬೆರಳು ಕಡಿಮೆ.
ಕಾರಣ ಬರೆಯುವ ರೂಢಿಯಿಲ್ಲ.

ಮುಕ್ಕಾಲಿ ಹೇಗೆ ಕೊಯ್ದರೂ ಕುಂಟುವುದಿಲ್ಲ,
ಕೆಲಸ ಬಲ್ಲ ಯಾರನ್ನಾದರೂ ಕೇಳಿ.
ಆದರೂ ಮೂರೂ ಕಾಲು
ಸಮನಾಗಿಯೇ ಕೊಯ್ದೆ.